ಆಬಿಂಗ್ಡನ್ನಿನ ಹಳೆಯ ಕಾರು

ಆಕ್ಸ್‌ಫರ್ಡಿನಲ್ಲಿರುವ ಮಗಳ ಮನೆಯಲ್ಲಿ ಎರಡು ತಿಂಗಳು ಇದ್ದು ಬರುವ ಅವಕಾಶ ನನಗೊದಗಿತ್ತು. ಒಂದು ದಿನ ಅಳಿಯನು, “ಮಾವ, ನಮ್ಮ ಕಚೇರಿಯಿಂದ ನಿವೃತ್ತರಾದ ಹಿರಿಯರೊಬ್ಬರು ತಮ್ಮ ಹಳೆಯ ಕಾರಿಗೆ ಬೇರೆ ಎಂಜಿನು ಕೂರಿಸಿದ್ದಾರೆ. ನೋಡಿ ಬರೋಣವೆ?” ಎಂದನು. ಯಂತ್ರಗಳ ವಿಷಯದಲ್ಲಿ ನನಗೆ ಹೇಳಿಕೊಳ್ಳುವಂತಹ ತಿಳುವಳಿಕೆಯಿಲ್ಲ. ಆದರೂ ಊರು ನೋಡುವ ಆಸೆಯಿಂದ ಹೊರಟೆ.

ಆಬಿಂಗ್ಡನ್ ಆಕ್ಸ್‌ಫರ್ಡಿನ ದಕ್ಷಿಣಕ್ಕೆ ಸುಮಾರು 10 ಕಿಲೋಮೀಟರು ದೂರದಲ್ಲಿ ಥೇಮ್ಸ್ ನದಿಯ ದಡದಲ್ಲಿದೆ. ಊರಿಗೆ ಈಗ ರೈಲಿಲ್ಲ, ಬಸ್ಸಿನಲ್ಲಿಯೇ ಹೋಗಬೇಕು. 1416ರಲ್ಲಿ ಕಟ್ಟಲಾರಂಭಿಸಿದ ಕಲ್ಲಿನ ಸೇತುವೆ, ನೀರಿನಲ್ಲಿ ಪ್ರತಿಬಿಂಬಿಸುವ ಇಗರ್ಜಿಯ ಗೋಪುರ, ಪೇಟೆಯ ನಡುವೆ ಹದಿನೇಳನೆಯ ಶತಮಾನದ ಕೌಂಟಿ ಹಾಲ್. ಈ ಶಾಂತವಾದ ಊರಿನಲ್ಲಿ 1929ರಿಂದ 1980ರವರೆಗೆ ಎಂ.ಜಿ. ಕಾರುಗಳ ಕಾರ್ಖಾನೆಯಿತ್ತೆಂದರೆ ನಂಬುವುದು ಕಷ್ಟ. 1962ರಲ್ಲಿ ಹೊರಬಂದ ಎಂ.ಜಿ.ಬಿ. ಎಂಬ ಪುಟ್ಟ ಕ್ರೀಡಾಕಾರುಗಳು ಐದು ಲಕ್ಷಕ್ಕೂ ಮಿಕ್ಕಿ ಇಲ್ಲಿ ತಯಾರಾದವು. ಕಾರ್ಖಾನೆ ಮುಚ್ಚಿದಾಗ ಹೊರಬಂದ ಕೊನೆಯ ಕಾರು ಈಗ ಕೌಂಟಿ ಹಾಲಿನ ವಸ್ತುಸಂಗ್ರಹಾಲಯದಲ್ಲಿದೆ. ಅದರ ಮೈಮೇಲೆ ಒಂದು ಗೀರೂ ಇಲ್ಲ. ಅದನ್ನು ಓಡಿಸುವವರೂ ಇಲ್ಲ.

ಆ ಹಿರಿಯರು ತಮ್ಮ ಮನೆಯ ಹಿತ್ತಿಲ ಕೊಟ್ಟಿಗೆಗೆ ನಮ್ಮನ್ನು ಕರೆದೊಯ್ದರು. ಎಳೆಯ ಪ್ರಾಯದಲ್ಲಿ ಆ ಕಾರ್ಖಾನೆಯಲ್ಲಿಯೇ ಎರಡು ವರ್ಷ ದುಡಿದು, ಅದು ಮುಚ್ಚಿದಾಗ ಬೇರೆ ಕೆಲಸ ಹುಡುಕಿಕೊಂಡವರು ಅವರು. 1972ರ ಹಸುರು ಬಣ್ಣದ ಎಂ.ಜಿ.ಬಿ. ಅಲ್ಲಿ ನಿಂತಿತ್ತು. ಅದರೊಳಗೆ ಮೊದಲಿದ್ದುದು ನಾಲ್ಕು ಸಿಲಿಂಡರುಗಳ, 1,798 ಘನ ಸೆಂಟಿಮೀಟರಿನ ಬೀಡುಕಬ್ಬಿಣದ ಎಂಜಿನು. ಈಗಿರುವುದು ಗುಜರಿಗೆ ಹೋಗಲಿದ್ದ ರೇಂಜ್ ರೋವರ್ ಗಾಡಿಯೊಂದರಿಂದ ತೆಗೆದ ಎಂಟು ಸಿಲಿಂಡರುಗಳ, 3.9 ಲೀಟರಿನ ಅಲ್ಯೂಮಿನಿಯಂ ಎಂಜಿನು. ಶಕ್ತಿ ಹೆಚ್ಚುಕಡಿಮೆ ಇಮ್ಮಡಿ. ಅಲ್ಯೂಮಿನಿಯಂ ಆದುದರಿಂದ ತೂಕದಲ್ಲಿ ಮಾತ್ರ ಅಂತಹ ಅಂತರವಿಲ್ಲ.

ಈ ಜೋಡಣೆ ಅವರೊಬ್ಬರ ಹುಚ್ಚಲ್ಲ. ಅಮೆರಿಕದ ಬ್ಯೂಕ್ ಕಂಪನಿಯು 1961ರಲ್ಲಿ ಹೊರತಂದು ಬೇಗನೆ ಕೈಬಿಟ್ಟ ಎಂಜಿನಿನ ಹಕ್ಕನ್ನು ಇಂಗ್ಲೆಂಡಿನ ರೋವರ್ ಕಂಪನಿಯು 1965ರಲ್ಲಿ ಪಡೆದುಕೊಂಡಿತು. ಕೆನ್ ಕಾಸ್ಟೆಲ್ಲೊ ಎಂಬ ಪಂದ್ಯಚಾಲಕನು ಅದನ್ನು ಎಂ.ಜಿ.ಬಿ.ಯೊಳಗೆ ಇಳಿಸಿ ತೋರಿಸಿದ ಮೇಲೆ, 1973ರಲ್ಲಿ ಕಾರ್ಖಾನೆಯೇ ಮುಚ್ಚುಮಾಡಿನ ಕಾರಿನಲ್ಲಿ ಆ ಎಂಜಿನನ್ನು ಅಳವಡಿಸಿತು. 1976ರಲ್ಲಿ ಅದನ್ನು ನಿಲ್ಲಿಸುವವರೆಗೆ ತಯಾರಾದವು 2,591 ಮಾತ್ರ.

“ಎಂಜಿನು ಇಳಿಸುವುದು ಒಂದು ದಿನದ ಕೆಲಸ. ಉಳಿದುದಕ್ಕೆ ಎರಡು ವರ್ಷ ಬೇಕಾಯಿತು” ಎಂದರು ಆ ಹಿರಿಯರು. ರೇಡಿಯೇಟರನ್ನು ಮುಂದಕ್ಕೆ ಸರಿಸಬೇಕು, ಗೇರುಪೆಟ್ಟಿಗೆ ಬದಲಾಗಬೇಕು, ಬ್ರೇಕುಗಳು ಬಲವಾಗಬೇಕು, ಹಿಂದಿನ ಅಚ್ಚಿನ ಹಲ್ಲುಚಕ್ರಗಳ ಪ್ರಮಾಣವೂ ಬೇರೆಯಾಗಬೇಕು. ನೋಂದಣಿಯ ಕಾಗದದಲ್ಲಿಯೂ ವಿಮೆಯವರಲ್ಲಿಯೂ ಬದಲಾವಣೆಯನ್ನು ದಾಖಲಿಸಬೇಕು.

ಅದನ್ನು ಕೇಳುತ್ತಿದ್ದಂತೆ ನನಗೆ ಕಾಸರಗೋಡಿನ ನಮ್ಮ ತೋಟ ನೆನಪಾಯಿತು. ನನ್ನ ಬಾಲ್ಯದಲ್ಲಿ ತಂದೆಯವರು ಹಳೆಯ ಪಂಪಿಗೆ ದೊಡ್ಡ ಡೀಸೆಲ್ ಎಂಜಿನು ಜೋಡಿಸಿದರು. ಮೂರನೆಯ ದಿನ ಅಡಿಗಟ್ಟು ಬಿರಿಯಿತು, ಪೈಪಿನ ಸಂದು ಕಳಚಿತು. ಅದನ್ನು ಸರಿಪಡಿಸಿ ಮುಗಿಸುವಷ್ಟರಲ್ಲಿ ಎಳೆಯ ಅಡಕೆ ಸಸಿಗಳು ಬಿಸಿಲಿಗೆ ಬಾಡಿಹೋಗಿದ್ದವು. ಶಕ್ತಿಯನ್ನು ತರುವುದು ಸುಲಭ. ಅದನ್ನು ತಾಳಿಕೊಳ್ಳುವ ನೆಲೆಯನ್ನು ಮೊದಲೇ ಸಿದ್ಧಗೊಳಿಸುವ ವಿವೇಕ ಅಂದು ನಮಗಿರಲಿಲ್ಲ.

“ನಿಮಗೆ ಹೆಚ್ಚು ಕಷ್ಟವಾದುದು ಯಾವುದು?” ಎಂದು ಕೇಳಿದೆ. ಅವರು ಮುಂಚಕ್ರದ ಒಳಬದಿಯ ತಗಡನ್ನು ತೋರಿಸಿದರು. ಅಗಲವಾದ ಎಂಜಿನಿನ ಹೊಗೆಕೊಳವೆಗಳಿಗೆ ಸ್ಟಿಯರಿಂಗಿನ ದಂಡವು ಅಡ್ಡ ಬರುತ್ತದೆ. ಆದುದರಿಂದ ಎರಡು ಕಡೆಯೂ ತಗಡನ್ನು ಕೊರೆದು ಕೊಳವೆಗಳನ್ನು ಹೊರಗೆ ಹಾಯಿಸಿದ್ದರು. “ಗುರುತು ಹಾಕಿ ಒಂದು ತಿಂಗಳು ಸುಮ್ಮನೆ ನೋಡುತ್ತಿದ್ದೆ. ನಟ್ಟು ಬಿಚ್ಚಿದರೆ ಮತ್ತೆ ಬಿಗಿಯಬಹುದು. ಕೊರೆದ ತಗಡು ಮೊದಲಿನಂತಾಗದು. ನಾನು ದುಡಿದ ಕಾರ್ಖಾನೆಯ ತಗಡು ಅದು” ಎಂದರು. ಮೂಲೆಯಲ್ಲಿ ಹಳೆಯ ಎಂಜಿನು ಎಣ್ಣೆ ಸವರಿಸಿಕೊಂಡು, ಕ್ಯಾನ್ವಾಸು ಹೊದ್ದು ಕುಳಿತಿತ್ತು. ಮುಂದೆ ಮಗಳು ಬಯಸಿದರೆ ಅದನ್ನೇ ಮರಳಿ ಕೂರಿಸಲೆಂದು ಇಟ್ಟಿದ್ದಾರಂತೆ.

ಅನಂತರ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸೇತುವೆಯವರೆಗೆ ಹೋಗಿಬಂದರು. ಎಂಜಿನಿನ ಧ್ವನಿ ಗಂಭೀರವಾಗಿತ್ತು. ವೇಗವನ್ನು ಅವರು ಒಮ್ಮೆಯೂ ತೋರಿಸಲಿಲ್ಲ. ದಾರಿಯಲ್ಲಿ ವೃದ್ಧರೊಬ್ಬರು ಕೈಯೆತ್ತಿ ವಂದಿಸಿದಾಗ, “ಅವರೂ ನಮ್ಮ ಕಾರ್ಖಾನೆಯವರೇ” ಎಂದರು.

ಮರಳುವಾಗ ಬಸ್ಸಿನಲ್ಲಿ ಅಳಿಯನು ಕೇಳಿದನು: “ಅದು ಈಗಲೂ ಎಂ.ಜಿ.ಯೇ ಹೌದೆ, ಮಾವ?” ಗೀರಿಲ್ಲದೆ ನಿಂತಿರುವ ಆ ಕೊನೆಯ ಕಾರನ್ನೂ, ತಗಡಿಗೆ ತೂತು ಬಿದ್ದರೂ ಬೀದಿಯಲ್ಲಿ ಓಡುವ ಈ ಕಾರನ್ನೂ ಒಮ್ಮೆ ನೆನೆದೆ. “ಅವರು ತಿಂಗಳುಗಟ್ಟಲೆ ಅನುಮಾನಿಸಿ ಕೊರೆದರಲ್ಲ, ಆದುದರಿಂದ ಹೌದು” ಎಂದೆ.