ಲಕ್ಷದ ಲ್ಯಾಪ್‌ಟಾಪು

ಹತ್ತನೆಯ ಇಯತ್ತೆಯ ಪರೀಕ್ಷೆ ಮುಗಿಯುತ್ತಲೆ ನಮ್ಮ ಮಕ್ಕಳ ಮನೆಗಳಲ್ಲಿ ಲ್ಯಾಪ್‌ಟಾಪಿನ ಮಾತು ಏಳುವುದು. ಲಕ್ಷ ರೂಪಾಯಿಯದನ್ನೇ ಕೊಂಡರೆ ಬಾಳಿಕೆ ಬರುವುದೆಂದು ಹಲವರ ನಂಬಿಕೆ. ಹೋಟೆಲಿನ ಗಲ್ಲೆಯಲ್ಲಿ ದುಡಿದು, ಚೀಟಿಯ ಹಣವೆತ್ತಿ ಕೊಳ್ಳುವವರ ಪಾಲಿಗೆ ಇದು ಸಣ್ಣ ಮಾತಲ್ಲ.

ಬೆಲೆಯೇ ಬಾಳಿಕೆಗೆ ಜಾಮೀನೆನ್ನುವವರು ಆಪಲ್ ಕಂಪನಿಯ ಕೀಲಿಮಣೆಯ ಕಥೆಯನ್ನು ಕೇಳಬೇಕು. ಯಂತ್ರವನ್ನು ಇನ್ನಷ್ಟು ತೆಳ್ಳಗಾಗಿಸಲೆಂದು 2015ರಲ್ಲಿ ಅವರು ‘ಚಿಟ್ಟೆ’ಯೆಂಬ ಹೆಸರಿನ ಹೊಸ ಬಗೆಯ ಕೀಲಿಗಳನ್ನು ತಂದರು. ಕೀಲಿಯಡಿಯಲ್ಲಿ ಧೂಳಿನ ಕಣವೊಂದು ಸೇರಿದರೆ ಸಾಕು, ಕೆಲವೊಮ್ಮೆ ಅಕ್ಷರ ಮೂಡದು. ಕೆಲವೊಮ್ಮೆ ಎರಡೆರಡು ಸಲ ಮೂಡುವುದು. 2018ರಲ್ಲಿ ಕಂಪನಿಯೇ ಉಚಿತ ದುರಸ್ತಿಯ ಏರ್ಪಾಡು ಮಾಡಬೇಕಾಯಿತು. 2019ರ ಕೊನೆಯಲ್ಲಿ ಹಳೆಯ ಬಗೆಗೇ ಮರಳತೊಡಗಿತು. ಅಷ್ಟು ಹಣದ ಯಂತ್ರ ಧೂಳಿಗೆ ಸೋತಿತು! ಮುಂಬಯಿಯ ಧೂಳನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಹಾಗೆಂದು ದುಬಾರಿಯದೆಲ್ಲ ಬರಿಯ ಆಡಂಬರವೆನ್ನುವುದು ನ್ಯಾಯವಲ್ಲ. ಅದೇ ಕಂಪನಿ 2020ರ ನವೆಂಬರಿನಲ್ಲಿ ಎಂ1 ಚಿಪ್ಪಿನೊಡನೆ ಹೊರತಂದ ಮ್ಯಾಕ್‌ಬುಕ್ ಏರ್‌ನಲ್ಲಿ ಫ್ಯಾನೇ ಇಲ್ಲ, ಸದ್ದೂ ಇಲ್ಲ; ತೂಕ 1.29 ಕಿಲೋ. ಲೋಕಲ್ ರೈಲಿನ ಗರ್ದಿಯಲ್ಲಿ ಎರಡೂವರೆ ಕಿಲೋದ ಚೀಲ ಹೊತ್ತು ನಿಂತವರೇ ಆ ಹಗುರಿನ ಬೆಲೆಯನ್ನು ಬಲ್ಲರು. ಆದರೆ ಅದರ ಮೆಮೊರಿಯನ್ನು ಆಮೇಲೆ ಹೆಚ್ಚಿಸಿಕೊಳ್ಳುವಂತಿಲ್ಲ. ಕೊಳ್ಳುವ ದಿನ 8 ಜಿಬಿಯಾದರೆ ಕೊನೆತನಕವೂ 8 ಜಿಬಿಯೇ. 2024ರ ಅಕ್ಟೋಬರಿನಲ್ಲಿ, ಆಗ ಮಾರುತ್ತಿದ್ದ ಏರ್‌ಗಳಿಗೆ ಕಂಪನಿ ಬೆಲೆಯನ್ನೇರಿಸದೆ ಕನಿಷ್ಠ 16 ಜಿಬಿ ಕೊಟ್ಟಿತು. ಮೊದಲೇ ಕೊಂಡವರಿಗೆ ಅದರಿಂದಾದ ಲಾಭವೇನು?

ಚಲನಚಿತ್ರ ಸಂಕಲನದಂತಹ ಭಾರದ ಕೆಲಸವಿಲ್ಲದ ಹುಡುಗ ಹುಡುಗಿಯರಿಗೆ ಲಕ್ಷದ ಯಂತ್ರ ಬೇಡವೆಂದೇ ನನ್ನ ಎಣಿಕೆ. ಕಳೆದ ವರ್ಷ ಒಬ್ಬಳ ತಂದೆಗೆ ಹಾಗೆಯೇ ಹೇಳಿದೆನು. ಅವಳ ಮುಖ ಚಿಕ್ಕದಾಯಿತು. ಗೆಳತಿಯದು ಬೆಳ್ಳಿಯ ಬಣ್ಣದ್ದಂತೆ. ಉಳಿಯುವ ಹಣದಲ್ಲಿ ಕಾಲೇಜಿನ ಪುಸ್ತಕಗಳೂ ರೈಲಿನ ಪಾಸೂ ಬರುವುವೆಂದು ಲೆಕ್ಕ ಹಾಕಿ ತೋರಿಸಿದರೂ ಅವಳು ನಗಲಿಲ್ಲ. ಅವಳ ನೋವು ಸುಳ್ಳೆಂದು ನಾನೆನ್ನಲಾರೆ.

ನನ್ನದು ಲ್ಯಾಮಿಂಗ್ಟನ್ ರಸ್ತೆಯಲ್ಲಿ ಕೊಂಡ ಹಳೆಯ ಯಂತ್ರ. ಹಾರ್ಡ್ ಡಿಸ್ಕನ್ನು ತೆಗೆಯಿಸಿ ಎಸ್‌ಎಸ್‌ಡಿ ಹಾಕಿಸಿರುವೆನು. ಮೊದಲು ಅದು ತೆರೆದುಕೊಳ್ಳುವಷ್ಟರಲ್ಲಿ ಚಹ ಕುಡಿದು ಮುಗಿಯುತ್ತಿತ್ತು. ಈಗ ಬಸಿಗೆ ಸುರಿದುಕೊಳ್ಳುವಷ್ಟರಲ್ಲಿ ಸಿದ್ಧವಾಗುವುದು. ಕುಂದೂ ಉಂಟು: ವಿಂಡೋಸ್ 10ಕ್ಕಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು, 11ಕ್ಕೆ ಇದು ಒಗ್ಗದು; ಆದುದರಿಂದ ಲಿನಕ್ಸ್ ಹಾಕಿಕೊಂಡೆನು. ಕನ್ನಡ ಬರೆಯುವುದಕ್ಕಂತೂ ಅಗ್ಗ ದುಬಾರಿಗಳ ಭೇದವಿಲ್ಲ. ಯೂನಿಕೋಡಿನ ‘ಕ’ ಎರಡರಲ್ಲಿಯೂ ಒಂದೇ. ಒಳಗೇನಿದೆಯೆಂದು ನೋಡಬಯಸುವವರು ಶನಿವಾರ ಶಾಲೆ ಬಿಟ್ಟ ಮೇಲೆ ಬರಬಹುದು. ಸ್ಕ್ರೂ ಡ್ರೈವರು ನನ್ನ ಬಳಿಯೇ ಇದೆ.