ಆಸಿಡ್ಡಿಗೆ ಜಗ್ಗದ ಕೆಂಪು

ಕಫದ ಸ್ಲೈಡಿಗೆ ಬಣ್ಣ ಹಾಕುವುದೆಂದರೆ ನನಗೆ ಇಂದಿಗೂ ಹುರುಪು. ಒಣಗಿದ ಸ್ಮಿಯರಿನ ಮೇಲೆ ಕಾರ್ಬಾಲ್ ಫ್ಯೂಕ್ಸಿನ್ ತುಂಬಿ, ಅಡಿಯಲ್ಲಿ ಸ್ಪಿರಿಟ್ ದೀಪ ಆಡಿಸುತ್ತೇನೆ. ಹಬೆಯೇಳಬೇಕು, ಕುದಿಯಬಾರದು, ಆ ಹದ ಕಣ್ಣಿಗೇ ಗೊತ್ತಾಗಬೇಕು. 5 ನಿಮಿಷ ಬಿಟ್ಟು ತೊಳೆದು, 25% ಸಲ್ಫ್ಯೂರಿಕ್ ಆಸಿಡ್ ಸುರಿದರೆ ಹಿನ್ನೆಲೆಯ ಕೆಂಪು ಹರಿದುಹೋಗುತ್ತದೆ. ಕೊನೆಗೆ ಮೆಥಿಲೀನ್ ಬ್ಲೂ. ಎಣ್ಣೆಹನಿ ಬಿಟ್ಟು 100ರ ಲೆನ್ಸ್ ಇಳಿಸಿದಾಗ ನೀಲಿ ಹಿನ್ನೆಲೆಯಲ್ಲಿ ತೆಳ್ಳನೆಯ, ತುಸು ಬಾಗಿದ ಕೆಂಪು ಕಡ್ಡಿಗಳು ಕಂಡರೆ, ಕ್ಷಯದ ಗುಮಾನಿ ಗಟ್ಟಿಯಾಯಿತು.

ಈ ಕೆಂಪಿನ ಗುಟ್ಟು ಬ್ಯಾಕ್ಟೀರಿಯಾದ ಗೋಡೆಯಲ್ಲಿದೆ. ನಮ್ಮ ಅಡುಗೆ ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಸಾಮಾನ್ಯವಾಗಿ 16–18 ಇಂಗಾಲದ ಪರಮಾಣುಗಳಿದ್ದರೆ, ಈ ಗೋಡೆಯ ಮೈಕೋಲಿಕ್ ಆಮ್ಲದಲ್ಲಿ ಸುಮಾರು 90ರವರೆಗೂ ಇರುತ್ತವೆ. 1998ರಲ್ಲಿ ಕ್ಷಯದ ಬ್ಯಾಕ್ಟೀರಿಯಾದ ಜೀನೋಮ್ ಓದಿದಾಗ ಸುಮಾರು 4,000 ಜೀನುಗಳು ಸಿಕ್ಕವು. ಕೊಬ್ಬಿನಾಮ್ಲಗಳ ಕೆಲಸಕ್ಕೇ ಸುಮಾರು 250 ಕಿಣ್ವಗಳಿದ್ದವು. ಇ. ಕೊಲೈಯಲ್ಲಿ ಅಂಥವು 50ರಷ್ಟೇ.

ಆ ಜೀನುಗಳ ಕೆಲಸ ಓದುತ್ತ ಹೋದರೆ ಮನೆ ಕಟ್ಟುವವರ ತಂಡವನ್ನೇ ನೋಡಿದಂತಾಗುತ್ತದೆ. ಇನ್‌ಎಚ್‌ಎ, ಕ್ಯಾಸ್‌ಎ, ಕ್ಯಾಸ್‌ಬಿ ಕಿಣ್ವಗಳು ಸರಪಳಿಯನ್ನು ಸುತ್ತಿಗೆ ಎರಡೆರಡು ಇಂಗಾಲದಂತೆ ಉದ್ದ ಮಾಡುತ್ತವೆ. ಪಿಕೆಎಸ್13 ಒಂದು ಉದ್ದ, ಒಂದು ಗಿಡ್ಡ ಸರಪಳಿಯನ್ನು ಬೆಸೆಯುತ್ತದೆ. ಸಿದ್ಧವಾದದ್ದನ್ನು ಎಂಎಂಪಿಎಲ್3 ಪೊರೆಯಾಚೆ ಸಾಗಿಸುತ್ತದೆ.

ನನ್ನನ್ನು ಹಿಡಿದು ನಿಲ್ಲಿಸುವುದು ಕ್ಯಾಸ್‌ಬಿ. ಆ ಒಂದೇ ಜೀನನ್ನು ತೆಗೆದುಹಾಕಿದ ಪ್ರಯೋಗದ ವಿವರ 2007ರಲ್ಲಿ ಪ್ರಕಟವಾಯಿತು. ಸರಪಳಿ ಮೋಟಾದದ್ದು ಕೆಲವೇ ಇಂಗಾಲಗಳಷ್ಟು. ಆದರೂ ಬ್ಯಾಕ್ಟೀರಿಯಾ ಆಸಿಡ್ಡಿಗೆ ಬಣ್ಣ ಬಿಟ್ಟುಕೊಟ್ಟಿತು. ಅದು ಇಲಿಗಳ ದೇಹದಲ್ಲಿ ಬಹುಕಾಲ ಉಳಿದರೂ ಅವು ಕಾಯಿಲೆ ಬೀಳಲಿಲ್ಲ. ನಾವು ಸ್ಲೈಡಿನಲ್ಲಿ ಹುಡುಕುವ ಕೆಂಪಿಗೂ ರೋಗ ತರುವ ಶಕ್ತಿಗೂ ಒಂದೇ ಜೀನಿನ ನಂಟು! ಇದನ್ನು ತಿಳಿದ ಮೇಲೆ ಲೆನ್ಸಿನ ಮುಂದೆ ಕೂರುವ ಸುಖ ಇಮ್ಮಡಿಯಾಗಿದೆ.

1952ರಿಂದ ಬಳಕೆಯಲ್ಲಿರುವ ಐಸೋನಿಯಾಜಿಡ್ ಮಾತ್ರೆ ಹೊಡೆಯುವುದೂ ಇದೇ ಗೋಡೆಗೆ. ಬ್ಯಾಕ್ಟೀರಿಯಾದ ಕ್ಯಾಟ್‌ಜಿ ಕಿಣ್ವವೇ ಔಷಧಿಯನ್ನು ಚುರುಕುಗೊಳಿಸುತ್ತದೆ. ಆಮೇಲೆ ಅದು ಇನ್‌ಎಚ್‌ಎಯನ್ನು ಕಟ್ಟಿಹಾಕುತ್ತದೆ. ಈ ಗುರಿ ಇನ್‌ಎಚ್‌ಎ ಎಂದು 1994ರಲ್ಲಿ ಗುರುತಿಸುವ ಹೊತ್ತಿಗೆ ಆ ಮಾತ್ರೆ ನಾಲ್ಕು ದಶಕ ಜನರನ್ನು ಉಳಿಸಿತ್ತು. ಹೊಸದಾಗಿ ಕೆಲಸಕ್ಕೆ ಬರುವ ಹುಡುಗ ಹುಡುಗಿಯರಿಗೆ ಬಣ್ಣ ಹಾಕುವುದನ್ನು ಕಲಿಸುವಾಗ ನಾನು ಈ ಜೀನುಗಳ ಕಥೆಯನ್ನೂ ಹೇಳುತ್ತೇನೆ. ಕೆಂಪು ಏಕೆ ನಿಂತಿತೆಂದು ಗೊತ್ತಿದ್ದವರು ಹಬೆಯ ಹದವನ್ನೂ ಆಸಿಡ್ಡಿನ ಹೊತ್ತನ್ನೂ ತಪ್ಪದೆ ಕಾಯುತ್ತಾರೆ.