ಹಾದಿ ಕಾಯುವವರು

ಮೋಟಾರು ರ್‍ಯಾಲಿಯಲ್ಲಿ ಗೆದ್ದವರ ಹೆಸರು ನಾಡಿಗೆಲ್ಲ ತಿಳಿಯುತ್ತದೆ; ಹಾದಿ ಕಾದ ಸ್ವಯಂಸೇವಕರನ್ನು ಯಾರೂ ಅರಿಯರು. ಕಿಣ್ಣಿ ಸುಲ್ತಾನದವನಾದ ನಾನು ಹಳೆಯ ವಿದ್ಯಾರ್ಥಿಯೊಬ್ಬನ ಒತ್ತಾಸೆಯಿಂದ, 2017ರ ನವೆಂಬರಿನಲ್ಲಿ ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ನಡೆದ ಏಷ್ಯಾ-ಪೆಸಿಫಿಕ್ ರ್‍ಯಾಲಿಯಲ್ಲಿ ಮಾರ್ಷಲನಾಗಿ ನಿಂತೆನು.

ತರಬೇತಿಯ ಪಾಠಗಳು ವ್ಯಾಕರಣ ಸೂತ್ರಗಳಂತೆ ಅಡಕವಾಗಿದ್ದವು: ಮುಚ್ಚಿದ ಹಾದಿಗೆ ಯಾರನ್ನೂ ಬಿಡಬಾರದು, ತಿರುವಿನ ಹೊರಮಗ್ಗುಲಲ್ಲಿ ಯಾರೂ ನಿಲ್ಲಬಾರದು, ಜಾರಿದ ಕಾರು ಅತ್ತಲೇ ನುಗ್ಗುವುದು, ಅಪಘಾತಕ್ಕೀಡಾದವರು ಕೆಂಪು ‘ಎಸ್‌ಓಎಸ್’ ಫಲಕ ತೋರಿದರೆ ಹಿಂದೆ ಬರುವ ಸ್ಪರ್ಧಿಯು ಗೆಲುವನ್ನು ಮರೆತು ನಿಲ್ಲಲೇಬೇಕು.

ತಿರುವಿನ ಹೊರದಿಬ್ಬದ ಮೇಲೆ ನಿಂತಿದ್ದ ಬಾಲಕನೊಬ್ಬನನ್ನು, “ತಮ್ಮಾ, ಈಚೆ ಬಾರಪ್ಪಾ” ಎಂದು ಕರೆದೆನು. ಮುನಿಸಿನಿಂದಲೇ ಬಂದನು. ಮುಂದಿನ ಕಾರು ಎರಚಿದ ಜಲ್ಲಿ ಅವನು ನಿಂತಿದ್ದೆಡೆಯಲ್ಲಿಯೇ ಬಿದ್ದಿತು.

ಏನೂ ಸಂಭವಿಸದಿರುವುದೇ ಮಾರ್ಷಲನ ಸಾಫಲ್ಯ. ಅದು ಪತ್ರಿಕೆಯ ಸುದ್ದಿಯಾಗದು. ಮಕ್ಕಳನ್ನು ಕಾಯ್ದ ನಮ್ಮ ಗುರುವೃಂದವು ಈ ಮಾತಿನ ಅರ್ಥವನ್ನು ಬಲ್ಲದು.